ಟಿಎಂಟಿ ನಾರ್ಮಲ್ ಇದ್ದರೂ ಸಿಟಿ ಆಂಜಿಯೋ ಮಾಡಿಸಿದ ಕಥೆ

ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ, ನಾರ್ಮಲ್ ಬಂದರೆ ಹಾರ್ಟ್ ಗಟ್ಟಿ ಇದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ನಂಬಿಕೆ. ನನ್ನದೂ ನಾರ್ಮಲ್ಲೇ ಬಂದಿತ್ತು. ಆದರೂ ಡಾಕ್ಟರು ಸಿಟಿ ಆಂಜಿಯೋ (ಡೈ ಕೊಟ್ಟು ತೆಗೆಯುವ ಹೃದಯದ ನಾಳಗಳ ಸಿಟಿ ಸ್ಕ್ಯಾನ್) ಬರೆದುಕೊಟ್ಟರು. ಅದರಲ್ಲಿ ಹೃದಯದ ಮುಖ್ಯ ರಕ್ತನಾಳದ ಗೋಡೆ ಒಂದು ಕಡೆ ಹೊರಕ್ಕೆ ಉಬ್ಬಿರುವುದು, ಆ ಉಬ್ಬಿನೊಳಗೆ ಕೊಬ್ಬು ಕೂತಿರುವುದು ಕಾಣಿಸಿತು. ಈಗ ಮಾತ್ರೆ ಶುರುವಾಗಿದೆ, ಓಡಾಟ ಒಂದು ಹಂತಕ್ಕೆ ಬಂದಿದೆ. ಇದೇ ದಾರಿಯಲ್ಲಿ ಹೋಗುವವರಿಗೆ ಸ್ವಲ್ಪ ಗೊಂದಲ ಕಡಿಮೆಯಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಹಾಸನದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವವನು, ವಯಸ್ಸು 48.

2025ರ ಜೂನ್-ಜುಲೈ ನೆನಪಿದೆಯಲ್ಲ, ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗ್ಗೆಯೇ ಸಾಲು ನಿಲ್ಲುತ್ತಿದ್ದರು. ಆಗ ನಾನು ಹೋಗಲಿಲ್ಲ. ಗಲಾಟೆ ಎಲ್ಲ ತಣ್ಣಗಾದ ಮೇಲೆ, ಕಾಲೇಜಿನ ಮೂರನೇ ಮಹಡಿಗೆ ಹತ್ತುವಾಗ ಎದೆಯ ಮೇಲ್ಭಾಗದಲ್ಲಿ ಏನೋ ಬಿಗಿದಂತೆ ಆಗಲು ಶುರುವಾಯಿತು. ದಿನಾ ಅಲ್ಲ, ಆಗೊಮ್ಮೆ ಈಗೊಮ್ಮೆ. ಗ್ಯಾಸ್ ಇರಬೇಕು ಅಂತ ಮನೆಯಲ್ಲಿ ಜೀರಿಗೆ ಕಷಾಯ ಆಯಿತು. "ನಿಮ್ಮಪ್ಪ ಹೋಗಿದ್ದು ಯಾವ ವಯಸ್ಸಿಗೆ ಅಂತ ನೆನಪಿದೆ ತಾನೇ? ಸುಮ್ನೆ ಒಂದ್ಸಲ ತೋರಿಸ್ಕೊಂಡು ಬನ್ನಿ" ಅಂತ ಹೆಂಡತಿ ಪಟ್ಟು ಹಿಡಿದಳು. ಅಪ್ಪ ಹೋಗಿದ್ದು 51ಕ್ಕೆ, ಹಾರ್ಟ್ ಅಟ್ಯಾಕ್‌ನಿಂದಲೇ.

ಊರಲ್ಲೇ ಇಸಿಜಿ, ಎಕೋ, ಟಿಎಂಟಿ ಮೂರೂ ಮಾಡಿಸಿದೆ. ಟಿಎಂಟಿಯಲ್ಲಿ ಓಡುವ ಪಟ್ಟಿಯ ಮೇಲೆ ನಡೆಸುತ್ತಾರೆ. ಪ್ರತಿ 3 ನಿಮಿಷಕ್ಕೆ ಅದರ ವೇಗವೂ ಏರುತ್ತೆ, ಇಳಿಜಾರೂ ಏರುತ್ತೆ. 220ರಲ್ಲಿ ನಮ್ಮ ವಯಸ್ಸು ಕಳೆದು ಬಂದ ಸಂಖ್ಯೆಯ 85%ರಷ್ಟಾದರೂ ನಾಡಿ ಏರಬೇಕು. ನನಗೆ ಅದು 146. ಮೂರನೇ ಹಂತ ಮುಗಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಟೆಕ್ನಿಷಿಯನ್ "ಚೆನ್ನಾಗಿದೆ ಸಾರ್" ಅಂದ. ನನಗೆ ಅಷ್ಟೇ ಸಾಕಿತ್ತು.

ಡಾಕ್ಟರಿಗೆ ಸಾಕಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 142 ಇತ್ತು. ಲಿಪೋಪ್ರೋಟೀನ್ ಎ ಅಂತ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣದ ಪರೀಕ್ಷೆ ಬರೆದಿದ್ದರು, ಅದು 96 ಮಿಲಿಗ್ರಾಂ ಬಂತು. 50 ದಾಟಿದರೆ ಜಾಸ್ತಿ ಅಂತ ಲೆಕ್ಕ. ಸಾಮಾನ್ಯ ಕೊಲೆಸ್ಟ್ರಾಲ್ ಪ್ಯಾಕೇಜಿನಲ್ಲಿ ಈ ಪರೀಕ್ಷೆ ಸೇರಿರುವುದಿಲ್ಲ, ಕೇಳಿಯೇ ಮಾಡಿಸಬೇಕು. ನನ್ನ ಹತ್ತಿರ ಸಾವಿರದ ಮೇಲೆ ಚಿಲ್ಲರೆ ತೆಗೆದುಕೊಂಡರು. ಇದು ಊಟ-ತಿಂಡಿಯಿಂದ ಅಷ್ಟಾಗಿ ಬದಲಾಗುವಂಥದ್ದಲ್ಲ, ಹುಟ್ಟಿನಿಂದ ಬಂದದ್ದು. ಹಾಗಾಗಿ ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಇದೊಂದನ್ನು ಮಾತ್ರ ಮರೆಯಬೇಡಿ.

"ಮೇಷ್ಟ್ರೇ, ಟಿಎಂಟಿ ಹೇಳೋದು ದಾರಿ ಎಷ್ಟು ಕಿರಿದಾಗಿದೆ ಅಂತ. ಅದೂ ತುಂಬಾ ಕಿರಿದಾದ ಮೇಲೆ. ಗೋಡೆಯೊಳಗೆ ಏನು ನಡೀತಿದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ" ಅಂದರು ಡಾಕ್ಟರು. ಎಷ್ಟು ಕಿರಿದಾದರೆ ಅಂತ ಕೇಳಿದೆ. ಹೆಚ್ಚುಕಮ್ಮಿ 70% ಮುಚ್ಚಿದ ಮೇಲೆ ಟಿಎಂಟಿಯಲ್ಲಿ ಸರಿಯಾಗಿ ಕಾಣುತ್ತೆ ಅಂದರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸಿಟಿ ಕೊರೊನರಿ ಆಂಜಿಯೋ ಅಂತ ಚೀಟಿ ಬರೆದರು.

ಚೀಟಿ ಸಿಕ್ಕ ಕೂಡಲೇ ಇನ್ಶೂರೆನ್ಸ್ ಏಜೆಂಟ್‌ಗೆ ಫೋನ್ ಮಾಡಿದೆ. ಬರೀ ಪರೀಕ್ಷೆಗೆ ಕ್ಯಾಶ್‌ಲೆಸ್ ಸಿಗಲ್ಲ, ಆದರೆ ಒಂದು ದಿನ ಅಡ್ಮಿಟ್ ಆಗಿಬಿಡಿ ಸಾರ್, ಕ್ಲೇಮ್ ಮಾಡಿಸಿಕೊಡ್ತೀನಿ ಅಂದ. ಪಾಲಿಸಿ ಪುಸ್ತಕ ತೆಗೆದು ಓದಿದೆ. ಹೊರಗಿಡುವ ಖರ್ಚುಗಳ ಪಟ್ಟಿಯಲ್ಲಿ ನಾಲ್ಕನೆಯದೇ ಇದು: ಮುಖ್ಯವಾಗಿ ಪರೀಕ್ಷೆಗೆ ಅಂತಲೇ ಅಡ್ಮಿಟ್ ಆದರೆ ಹಣ ಕೊಡುವುದಿಲ್ಲ. ಈ ಷರತ್ತು ಎಲ್ಲ ಕಂಪನಿಗಳ ಪಾಲಿಸಿಯಲ್ಲೂ ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತೆ. ಅವನ ಮಾತು ಕೇಳಿದ್ದರೆ ರೂಮಿನ ಬಾಡಿಗೆಯೂ ನನ್ನ ತಲೆಗೇ ಬರುತ್ತಿತ್ತು. ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿದ್ದರೆ ಮಾತ್ರ ಕೇಳಿ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ಮುಂಜಾಗ್ರತೆಯ ತಪಾಸಣೆ ಅಂತ ಆದಾಯ ತೆರಿಗೆ ಲೆಕ್ಕದಲ್ಲಿ 5,000 ರೂಪಾಯಿವರೆಗೆ ತೋರಿಸಬಹುದು. ಅದಕ್ಕಾದರೂ ಬಿಲ್ ಇಟ್ಟುಕೊಳ್ಳಿ.

ಅಪಾಯಿಂಟ್‌ಮೆಂಟ್ ಸಿಕ್ಕ ದಿನ ಬೆಳಗಿನ ಜಾವದ ಬಸ್ ಹಿಡಿದು ಹೊಳೆನರಸೀಪುರದ ದಾರಿಯಲ್ಲಿ ಮೈಸೂರಿಗೆ ಹೋದೆವು. ಫೋನಿನಲ್ಲಿ ಹೇಳಿದ್ದು ಇಷ್ಟೇ, ನಾಲ್ಕು ಗಂಟೆ ಏನೂ ತಿನ್ನಬೇಡಿ ಅಂತ. ಮನೆಯಲ್ಲಿ ಎದ್ದ ಕೂಡಲೇ ಒಂದು ಲೋಟ ಕಾಫಿ ಕುಡಿದಿದ್ದೆ. ಕೌಂಟರಿನಲ್ಲಿ ನಾಡಿ ನೋಡಿದ ಸಿಸ್ಟರ್, "ಕಾಫಿ ಕುಡ್ದಿದ್ದೀರಾ ಸಾರ್?" ಅಂದರು. ಹೌದು ಅಂದೆ. "ಹಿಂದಿನ ದಿನದಿಂದಲೇ ಕಾಫಿ-ಟೀ ಬಿಡಿ ಅಂತ ಯಾರೂ ಹೇಳ್ಲಿಲ್ವಾ?" ಯಾರೂ ಹೇಳಿರಲಿಲ್ಲ. ನಾಡಿ 88 ಇತ್ತು.

ಹೃದಯ ಬಡಿಯುತ್ತಲೇ ಇರುವಾಗ ಅದರ ಮೇಲಿನ ಮೂರು-ನಾಲ್ಕು ಮಿಲಿಮೀಟರ್ ಅಗಲದ ನಾಳದ ಚಿತ್ರ ತೆಗೆಯಬೇಕು. ಬಡಿತ ನಿಧಾನ ಆದಷ್ಟೂ ಚಿತ್ರ ಸ್ಪಷ್ಟ. ಅದಕ್ಕೆ ನಾಡಿ 60-65ರ ಆಸುಪಾಸಿಗೆ ಇಳಿಸುತ್ತಾರೆ. ಮೆಟೊಪ್ರೊಲಾಲ್ ಮಾತ್ರೆ ಕೊಟ್ಟು ಕೂರಿಸಿದರು. ಒಂದು ಗಂಟೆ ಆದ ಮೇಲೆ 76. ಇನ್ನೊಂದು ಮಾತ್ರೆ. ಕೂತಲ್ಲೇ ನಾಡಿ ಹಿಡಿದು ಎಣಿಸುತ್ತಾ ಕೂತರೆ ಇಳಿಯುತ್ತಾ? "ರೀ, ಕೈ ಬಿಡಿ ಸುಮ್ನೆ" ಅಂತ ಹೆಂಡತಿ ಮಣಿಕಟ್ಟಿನಿಂದ ನನ್ನ ಬೆರಳು ಬಿಡಿಸಿದಳು. ಮಧ್ಯಾಹ್ನ ದಾಟಿದ ಮೇಲೆ 63ಕ್ಕೆ ಬಂತು. ಅಸ್ತಮಾ ಇರುವವರು ಈ ಮಾತ್ರೆ ಕೊಡುವ ಮೊದಲೇ ಹೇಳಿಬಿಡಿ, ಎಲ್ಲರಿಗೂ ಆಗಿಬರುವ ಮಾತ್ರೆ ಅಲ್ಲ ಅದು.

ಪಕ್ಕದಲ್ಲಿ ನಂಜನಗೂಡು ಕಡೆಯ ಒಬ್ಬರು ಅಮ್ಮ ಮಗನ ಜೊತೆ ಬಂದಿದ್ದರು. ಅವರ ಕ್ರಿಯಾಟಿನಿನ್ ರಿಪೋರ್ಟ್ ಹಳೆಯದಾಗಿತ್ತು. ಹೊಸದು ಇಲ್ಲದೆ ಆಗಲ್ಲ ಅಂತ ವಾಪಸ್ ಕಳಿಸಿದರು, ಪಾಪ. ಸ್ಕ್ಯಾನಿಗೆ ಕೊಡುವ ಅಯೋಡಿನ್ ಡೈ ಕಿಡ್ನಿಯ ಮೂಲಕ ಹೊರಗೆ ಹೋಗಬೇಕು, ಅದಕ್ಕೆ ಆ ರಿಪೋರ್ಟ್ ಕಡ್ಡಾಯ. ಹೊರಡುವ ಮುಂಚೆ ಫೋನ್ ಮಾಡಿ ಎಷ್ಟು ದಿನದೊಳಗಿನ ರಿಪೋರ್ಟ್ ಬೇಕು ಅಂತ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಅದನ್ನು ನಿಲ್ಲಿಸಬೇಕಾ ಅಂತಲೂ ಕೇಳಿ. ಡಾಕ್ಟರ ಚೀಟಿ, ಹಳೆಯ ಇಸಿಜಿ, ಎಕೋ, ಟಿಎಂಟಿ, ಆಧಾರ್, ಈಗ ನುಂಗುತ್ತಿರುವ ಮಾತ್ರೆಗಳ ಹಾಳೆ, ಇಷ್ಟನ್ನು ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋಗಿ.

ಕೊನೆಗೆ ಒಳಗೆ ಕರೆದರು. ಬಲ ಮೊಣಕೈ ಮಡಿಕೆಯಲ್ಲಿ ದಪ್ಪ ಸೂಜಿ ಚುಚ್ಚಿ ವೆನ್‌ಫ್ಲಾನ್ ಕೂರಿಸಿದರು. ಡೈ ಜೋರಾಗಿ ಹೋಗಬೇಕಾದ್ದರಿಂದ ಮುಂಗೈಯ ಸಣ್ಣ ನರ ಆಗಲ್ಲವಂತೆ. ಆಮೇಲೆ ಟೆಕ್ನಿಷಿಯನ್ ಹತ್ತಿರ ಬಂದು ದನಿ ತಗ್ಗಿಸಿ, "ಸಾರ್, ವಯಾಗ್ರ ಥರದ ಮಾತ್ರೆ ಏನಾದ್ರೂ ತಗೊಂಡಿದ್ದೀರಾ?" ಅಂತ ಕೇಳಿದ. ಹೆಂಡತಿ ಹೊರಗಿದ್ದಳು, ನಗು ಬಂತು. ಆದರೆ ಇದು ತಮಾಷೆ ವಿಷಯ ಅಲ್ಲ. ನಾಳ ಅಗಲ ಆಗಲಿ ಅಂತ ಸ್ಕ್ಯಾನಿಗೆ ಮೊದಲು ನಾಲಿಗೆ ಕೆಳಗೆ ನೈಟ್ರೇಟ್ ಔಷಧಿ ಹಾಕುತ್ತಾರೆ. ಎರಡೂ ಸೇರಿದರೆ ಬಿಪಿ ಅಪಾಯಕ್ಕೆ ಹೋಗುವಷ್ಟು ಇಳಿಯುತ್ತೆ. ತಗೊಂಡಿದ್ದರೆ ನಾಚಿಕೆ ಬಿಟ್ಟು ಹೇಳಿ.

ಸ್ಕ್ಯಾನ್ ಅನ್ನೋದು ನಿಜಕ್ಕೂ ಕೆಲವು ಸೆಕೆಂಡಿನ ಕೆಲಸ. ಕೈ ಎರಡೂ ತಲೆಯ ಮೇಲೆ. ಮೊದಲು ಡೈ ಇಲ್ಲದೆ ಒಂದು ಸುತ್ತು, ಅದು ನಾಳದ ಗೋಡೆಯಲ್ಲಿ ಕಟ್ಟಿದ ಕ್ಯಾಲ್ಸಿಯಂ ಲೆಕ್ಕಕ್ಕೆ. ಆಮೇಲೆ ಡೈ ಬಿಟ್ಟರು. ಗಂಟಲಿನಿಂದ ಬಿಸಿ ಶುರುವಾಗಿ ಎದೆ, ಹೊಟ್ಟೆ, ತೊಡೆ ಸಂದಿವರೆಗೂ ಇಳಿಯಿತು. ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡೆನೇನೋ ಅನ್ನಿಸಿತು. ಏನೂ ಆಗಿರಲ್ಲ, ತುಂಬಾ ಜನರಿಗೆ ಹಾಗೇ ಅನ್ನಿಸುತ್ತೆ. "ಉಸಿರು ಎಳೀರಿ, ಹಿಡೀರಿ" ಅಂತ ಸ್ಪೀಕರಿನಲ್ಲಿ ದನಿ, ಮಂಚ ಜರುಗಿತು, "ಬಿಡಿ". ಮುಗಿಯಿತು. ನೈಟ್ರೇಟ್‌ನಿಂದ ಸಂಜೆವರೆಗೂ ತಲೆ ಸಿಡಿಯಿತು, ಅಷ್ಟೇ. ಬಿಲ್ ಹನ್ನೆರಡು ಸಾವಿರದ ಹತ್ತಿರ ಬಂತು. ಬಸ್ಸು, ಊಟ, ರಕ್ತ ಪರೀಕ್ಷೆ ಸೇರಿ ಹದಿನಾರು ದಾಟಿತು. ಹೊರಡುವಾಗ ಚಿತ್ರಗಳ ಸಿಡಿ ಕೇಳಿ ಪಡೆಯಿರಿ. ಬರೀ ರಿಪೋರ್ಟ್ ಹಾಳೆ ಇಟ್ಟುಕೊಂಡು ಬೇರೆ ಡಾಕ್ಟರ ಹತ್ತಿರ ಹೋದರೆ ಅವರಿಗೆ ಚಿತ್ರವೇ ಬೇಕಾಗುತ್ತೆ.

ರಿಪೋರ್ಟ್ ಮಾರನೇ ದಿನ ಅಂದಿದ್ದರು. ಬರಲಿಲ್ಲ. ಫೋನ್ ಮಾಡಿದರೆ ರೇಡಿಯಾಲಜಿಸ್ಟ್ ರಜೆ. ಆ ಕಾಯುವಿಕೆ ಇದೆಯಲ್ಲ, ಅದೇ ಇಡೀ ಪ್ರಕರಣದಲ್ಲಿ ಕಷ್ಟದ ಭಾಗ. ಪಾಠ ಮಾಡುವಾಗಲೂ ಜೇಬಿನಲ್ಲಿ ಫೋನ್ ಅಲುಗಿದರೆ ಎದೆ ಧಸಕ್ ಅನ್ನುತ್ತಿತ್ತು. ಕೊನೆಗೆ ಒಂದು ರಾತ್ರಿ ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ಇಡೀ ಇಂಗ್ಲಿಷು. ಕ್ಯಾಲ್ಸಿಯಂ ಸ್ಕೋರ್ 14. ಎಲ್‌ಎಡಿ ಅನ್ನುವ ಮುಂಭಾಗದ ಮುಖ್ಯ ನಾಳದ ಶುರುವಿನಲ್ಲೇ ಕ್ಯಾಲ್ಸಿಯಂ ಕಟ್ಟದ ಮೆತ್ತನೆಯ ಪ್ಲಾಕ್ (ಗೋಡೆಯಲ್ಲಿ ಕೂತ ಕೊಬ್ಬಿನ ಗಂಟು). ದಾರಿ ಕಿರಿದಾಗಿರೋದು 25ರಿಂದ 49%ರೊಳಗೆ. ಪಾಸಿಟಿವ್ ರಿಮಾಡಲಿಂಗ್, ಇಂಡೆಕ್ಸ್ 1.2. ಕೊನೆಯಲ್ಲಿ ಕ್ಯಾಡ್-ರಾಡ್ಸ್ 2, ಪಿ1, ಎಚ್‌ಆರ್‌ಪಿ. ರಾತ್ರಿ ಹನ್ನೆರಡು ಗಂಟೆಗೆ ಇದನ್ನೆಲ್ಲ ಗೂಗಲ್ ಮಾಡಬೇಡಿ, ದಯವಿಟ್ಟು.

ಇದರಲ್ಲಿ ಒಂದೊಂದಕ್ಕೂ ಅರ್ಥ ಸಿಕ್ಕಿದ್ದು ಡಾಕ್ಟರ ಮುಂದೆ ಕೂತ ಮೇಲೆ. ಕ್ಯಾಡ್-ರಾಡ್ಸ್ ಅನ್ನೋದು ಸೊನ್ನೆಯಿಂದ ಐದರವರೆಗಿನ ದರ್ಜೆ. ಸೊನ್ನೆ ಅಂದರೆ ಏನೂ ಇಲ್ಲ, ಐದು ಅಂದರೆ ಪೂರ್ತಿ ಮುಚ್ಚಿದೆ. 2 ಅಂದರೆ ರಕ್ತದ ಹರಿವಿಗೆ ಅಡ್ಡಿ ಇಲ್ಲದಷ್ಟು ಸಣ್ಣ ಕಿರಿದು. ಪಿ1 ಅಂದರೆ ಒಟ್ಟು ಪ್ಲಾಕ್ ಪ್ರಮಾಣ ಕಡಿಮೆ. ಇಷ್ಟರವರೆಗೂ ಸಮಾಧಾನವೇ. ಡಾಕ್ಟರು ಬೆರಳಿಟ್ಟಿದ್ದು ಕೊನೆಯ ಎಚ್‌ಆರ್‌ಪಿ ಮೇಲೆ. ಒಡೆಯುವ ಅಪಾಯ ಇರುವ ಪ್ಲಾಕಿನ ಗುರುತುಗಳಲ್ಲಿ ಎರಡಾದರೂ ಕಂಡರೆ ಅದನ್ನು ಬರೆಯುತ್ತಾರೆ. ನನ್ನಲ್ಲಿ ಕಂಡ ಎರಡು: ಗೋಡೆ ಹೊರಕ್ಕೆ ಉಬ್ಬಿರೋದು (ಪಾಸಿಟಿವ್ ರಿಮಾಡಲಿಂಗ್ ಅಂದರೆ ಇದೇ), ಒಳಗಿನ ಕೊಬ್ಬು ಸಿಟಿಯಲ್ಲಿ ತುಂಬಾ ಕಪ್ಪಗೆ, ಅಂದರೆ ಸಾಂದ್ರತೆ ಕಡಿಮೆ ಇರುವಂತೆ ಕಂಡಿದ್ದು.

ಹೃದಯದ ನಾಳ ಅಂದರೆ ಪೈಪು, ಅದರೊಳಗೆ ಕೊಬ್ಬು ಕಟ್ಟಿ ದಾರಿ ಮುಚ್ಚುತ್ತೆ ಅಂತಲ್ಲವಾ ನಾವೆಲ್ಲ ಅಂದುಕೊಂಡಿರೋದು? ಪೈಪಿಗೆ ಜೀವ ಇಲ್ಲ, ನಾಳಕ್ಕೆ ಇದೆ. ಕೊಬ್ಬು ಮೊದಲು ಸೇರೋದು ಗೋಡೆಯ ಒಳಪದರದ ಹಿಂದೆ. ಅದನ್ನು ತಿನ್ನಲು ಬಂದ ಬಿಳಿರಕ್ತಕಣಗಳು ಅಲ್ಲೇ ಉಬ್ಬಿ ಕೂರುತ್ತವೆ, ಗೋಡೆಯ ನಾರನ್ನು ಕರಗಿಸುವ ಕಿಣ್ವಗಳನ್ನು ಬಿಡುತ್ತವೆ. ಗೋಡೆ ಸಡಿಲವಾಗಿ ಹೊರಕ್ಕೆ ಜರುಗುತ್ತೆ. ಇನ್ನೊಂದು ಕಡೆ, ದಾರಿ ಸ್ವಲ್ಪ ಕಿರಿದಾದರೂ ರಕ್ತ ರಭಸವಾಗಿ ಉಜ್ಜಿಕೊಂಡು ಹೋಗುತ್ತೆ. ಒಳಪದರದ ಕೋಶಗಳಿಗೆ ಅದು ಗೊತ್ತಾಗಿ, ನಾಳ ಹಿಗ್ಗುವಂತೆ ಮಾಡುತ್ತವೆ. ಹೀಗೆ ಕಾಯಿಲೆಯ ಶುರುವಿನಲ್ಲಿ ನಾಳ ತನ್ನ ಆಕಾರವನ್ನೇ ಬದಲಿಸಿಕೊಂಡು ಒಳದಾರಿಯನ್ನು ಹಾಗೇ ಉಳಿಸಿಕೊಳ್ಳುತ್ತೆ.

ಡಾಕ್ಟರು ಹೇಳುತ್ತಿದ್ದಂತೆ ನಾನು ರಿಪೋರ್ಟಿನ ಹಿಂದೆಯೇ ವೃತ್ತ ಬರೆದೆ. ಅಭ್ಯಾಸಬಲ. ಹೊರವ್ಯಾಸ 4 ಮಿ.ಮೀ., ಒಳದಾರಿ 3.5 ಮಿ.ಮೀ. ಇರುವ ನಾಳ ಅಂತಿಟ್ಟುಕೊಳ್ಳಿ. ಇಂಡೆಕ್ಸ್ 1.2 ಅಂದರೆ ಆ ಜಾಗದಲ್ಲಿ ಹೊರವ್ಯಾಸ 4.8 ಆಗಿದೆ. ವ್ಯಾಸ 20% ಏರಿದರೆ ವಿಸ್ತೀರ್ಣ 44% ಏರುತ್ತೆ, ಸುಮಾರು 5.5 ಚದರ ಮಿ.ಮೀ. ಹೊಸ ಜಾಗ. ಅಷ್ಟು ಕೊಬ್ಬು ತುಂಬಿದರೂ ಒಳದಾರಿ 3.5ರಲ್ಲೇ ಇರಬಹುದು. ಬ್ಲಾಕ್ ಸೊನ್ನೆ! ನಾಳ ಹಿಗ್ಗದೆ ಇದ್ದಿದ್ದರೆ ಅದೇ ಕೊಬ್ಬು ದಾರಿಯನ್ನು 2.3 ಮಿ.ಮೀ.ಗೆ ಇಳಿಸುತ್ತಿತ್ತು. ಟಿಎಂಟಿಗೆ ಏನೂ ಕಾಣಲಿಲ್ಲ ಅಂದರೆ ಆಶ್ಚರ್ಯ ಏನಿದೆ? ತೊಡೆ ಅಥವಾ ಮಣಿಕಟ್ಟಿನಿಂದ ತಂತಿ ಹಾಕಿ ಮಾಡುವ ಆಂಜಿಯೋಗ್ರಾಮಿನಲ್ಲೂ ಡೈ ತುಂಬಿದ ಒಳದಾರಿ ಮಾತ್ರ ಕಾಣೋದು, ಗೋಡೆ ಅಲ್ಲ. ಗೋಡೆ ನೋಡಲು ನಾಳದೊಳಗೇ ಸಣ್ಣ ಅಲ್ಟ್ರಾಸೌಂಡ್ ಹಾಕಬೇಕು, ಇಲ್ಲವೇ ಸಿಟಿ ಬೇಕು.

ನಾಳ ಹೀಗೆ ಹಿಗ್ಗೋದನ್ನು ಮನುಷ್ಯರ ಹೃದಯದಲ್ಲಿ ಅಳೆದು ತೋರಿಸಿದವರು ಷಿಕಾಗೋದ ಸೇಮೂರ್ ಗ್ಲಾಗೋವ್ ಮತ್ತು ಅವರ ಜೊತೆಗಾರರು, 1987ರಲ್ಲಿ. ತೀರಿಕೊಂಡ 136 ಜನರ ಹೃದಯದ ಎಡ ಮುಖ್ಯ ನಾಳವನ್ನು ಅಡ್ಡಡ್ಡ ಕತ್ತರಿಸಿ ನೋಡಿದರು. ಪ್ಲಾಕ್ ಸುಮಾರು 40% ಜಾಗ ಆಕ್ರಮಿಸುವವರೆಗೂ ನಾಳ ಹಿಗ್ಗಿ ಹಿಗ್ಗಿ ದಾರಿ ಉಳಿಸಿಕೊಂಡಿತ್ತು. ಅದರಾಚೆಗೆ ಆಗಲಿಲ್ಲ, ದಾರಿ ಕಿರಿದಾಗಲು ಶುರುವಾಯಿತು.

ಹಾಗಾದರೆ ಹಿಗ್ಗೋದು ಒಳ್ಳೆಯದೇ ಅಲ್ವಾ ಸಾರ್ ಅಂದೆ. ಡಾಕ್ಟರು ತಲೆ ಅಲ್ಲಾಡಿಸಿದರು. ಹೊರಕ್ಕೆ ಉಬ್ಬಿದ ಜಾಗದಲ್ಲೇ ಹೆಚ್ಚಾಗಿ ಕೊಬ್ಬು ಮೆತ್ತಗೆ, ಅದರ ಮೇಲಿನ ಮುಚ್ಚಳ ತೆಳ್ಳಗೆ ಇರುತ್ತಂತೆ. ಮುಚ್ಚಳ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ನಿಮಿಷಗಳಲ್ಲಿ ದಾರಿ ಬಂದ್. ಟಿಎಂಟಿ ನಾರ್ಮಲ್ ಅಂದವರಿಗೂ ಆಮೇಲೆ ಅಟ್ಯಾಕ್ ಆಗೋದು ಹೀಗೆ. ಆ ಮಾತು ಕೇಳಿ ಬೆನ್ನು ತಣ್ಣಗಾಯಿತು. ಅಪ್ಪನಿಗೂ ಎದೆನೋವು ಅಂತ ಮೊದಲು ಯಾವತ್ತೂ ಇರಲಿಲ್ಲ.

ಭಯದಲ್ಲಿ ಇನ್ನೊಂದು ಕಡೆಯೂ ತೋರಿಸಿದೆ. ಅಲ್ಲಿ, ಒಳಗೆ ಕರೆದು ಕೂರಿಸುವ ಮೊದಲೇ, ತಂತಿ ಆಂಜಿಯೋ ಮಾಡಿ ಬೇಕಾದರೆ ಸ್ಟೆಂಟ್ ಹಾಕಿಬಿಡೋಣ ಅಂತ ಪ್ಯಾಕೇಜಿನ ಹಾಳೆ ಕೊಟ್ಟರು. ನಮ್ಮ ಡಾಕ್ಟರಿಗೆ ಅದನ್ನೇ ತೋರಿಸಿದೆ. ಅರ್ಧದಷ್ಟೂ ಕಿರಿದಾಗದ ಕಡೆ, ಕೂತಾಗ ನೋವೂ ಇಲ್ಲದವರಿಗೆ ಈಗಲೇ ಸ್ಟೆಂಟ್ ಯಾಕೆ, ಗೋಡೆಯನ್ನು ಗಟ್ಟಿ ಮಾಡೋದು ಮಾತ್ರೆಯ ಕೆಲಸ ಅಂದರು. ಸ್ಕಾಟ್ಲೆಂಡಿನಲ್ಲಿ ಎದೆನೋವು ಅಂತ ಬಂದ 4,146 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಪರೀಕ್ಷೆಗಳ ಜೊತೆ ಸಿಟಿ ಆಂಜಿಯೋನೂ ಮಾಡಿಸಿದ್ದರು. 5 ವರ್ಷದಲ್ಲಿ ಹೃದಯಾಘಾತ ಅಥವಾ ಹೃದಯದ ಕಾಯಿಲೆಯಿಂದ ಸಾವು ಆ ಗುಂಪಿನಲ್ಲಿ 2.3%, ಇನ್ನೊಂದರಲ್ಲಿ 3.9%. 2018ರಲ್ಲಿ ಬಂದ ಫಲಿತಾಂಶ ಇದು. ಕಂಡ ಕಾಯಿಲೆಗೆ ಸರಿಯಾದ ಮಾತ್ರೆ ಬೇಗ ಶುರುವಾಗಿದ್ದೇ ಇದಕ್ಕೆ ಮುಖ್ಯ ಕಾರಣ ಅಂತ ಡಾಕ್ಟರ ಅಭಿಪ್ರಾಯ. ನನಗೂ ಅದೇ ಸರಿ ಅನ್ನಿಸಿತು.

ಈಗ ರಾತ್ರಿ ಕೊಲೆಸ್ಟ್ರಾಲ್ ಇಳಿಸುವ ರೋಸುವಾಸ್ಟಾಟಿನ್ 20, ಎಜೆಟಿಮೈಬ್ 10, ಮಧ್ಯಾಹ್ನ ಊಟದ ಮೇಲೆ ಆಸ್ಪಿರಿನ್ 75. ನನ್ನ ಚೀಟಿ ನೋಡಿ ನೀವು ತಗೊಳ್ಳಬೇಡಿ, ಆಸ್ಪಿರಿನ್ ಅಂತೂ ಎಲ್ಲರಿಗೂ ಕೊಡುವಂಥದ್ದಲ್ಲ. ಜನೌಷಧಿ ಕೇಂದ್ರದಲ್ಲಿ ತಗೊಂಡರೆ ಖರ್ಚು ತುಂಬಾ ಇಳಿಯುತ್ತೆ. ಆದರೆ ಒಂದೊಂದು ಸಲ ಸ್ಟಾಕ್ ಇರಲ್ಲ, ಮುಗಿಯುವ ವಾರ ಮೊದಲೇ ಹೋಗಿ. ಶುರುವಿನಲ್ಲಿ ತೊಡೆ ನೋಯುತ್ತಿತ್ತು, ಆಮೇಲೆ ತಾನಾಗೇ ಹೋಯಿತು. ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಎಲ್‌ಡಿಎಲ್ 58. ಡಾಕ್ಟರಿಗೆ 55ರ ಕೆಳಗೆ ಬೇಕಂತೆ. ನಮ್ಮ ಕಾಲೇಜಿನಲ್ಲಿ ಇದಕ್ಕೆ ಡಿಸ್ಟಿಂಕ್ಷನ್ ಕೊಡುತ್ತಿದ್ದೆವು.

ಒಂದು ವಿಷಯ ಮೊದಲೇ ತಿಳಿದಿದ್ದರೆ ಒಳ್ಳೆಯದು. ಸ್ಟಾಟಿನ್ ತಗೊಳ್ಳುತ್ತಾ ಹೋದಂತೆ ಮೆತ್ತನೆಯ ಪ್ಲಾಕ್ ಕಡಿಮೆಯಾಗಿ ಅಲ್ಲಿ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತೆ. ಹಾಗಾಗಿ ಮುಂದೆ ಯಾವತ್ತಾದರೂ ಕ್ಯಾಲ್ಸಿಯಂ ಸ್ಕೋರ್ ಮಾಡಿಸಿದರೆ 14 ಇದ್ದದ್ದು ಏರಿರಬಹುದು. ಅದನ್ನು ನೋಡಿ ಮಾತ್ರೆ ಕೆಲಸ ಮಾಡಿಲ್ಲ ಅಂತ ನಿಲ್ಲಿಸುವವರು ಇದ್ದಾರಂತೆ. ವರ್ಷ ವರ್ಷ ಸಿಟಿ ಮಾಡಿಸುವುದೂ ಬೇಡ ಅಂದರು. ಎದೆಯ ಎಕ್ಸ್‌ರೇಗಿಂತ ಅದರ ವಿಕಿರಣ ಎಷ್ಟೋ ಪಟ್ಟು ಜಾಸ್ತಿ.

ಕೂತಾಗಲೂ ಎದೆ ಹಿಂಡಿದಂತಾದರೆ, ತಣ್ಣನೆ ಬೆವರು ಬಂದರೆ ಮೈಸೂರು-ಬೆಂಗಳೂರು ಅಂತ ಕಾರು ಹತ್ತಬಾರದು, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೇ ಮೊದಲು ಹೋಗಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕಿನಲ್ಲಿ ಇದೆಯಾ ಅಂತ ಆರಾಮಾಗಿರುವಾಗಲೇ ವಿಚಾರಿಸಿಕೊಳ್ಳಿ.

ಲಿಪೋಪ್ರೋಟೀನ್ ಎ ವಂಶದಲ್ಲಿ ಹರಿದು ಬರುವಂಥದ್ದು ಅಂದಿದ್ದರಿಂದ ತಮ್ಮನಿಗೂ ಹೇಳಿದೆ. ಅವನು ಅರಸೀಕೆರೆಯಲ್ಲಿ ಇದ್ದಾನೆ, 43 ವರ್ಷ, ದಿನಾ ವಾಲಿಬಾಲ್ ಆಡುತ್ತಾನೆ. "ನಂಗೇನಾಗಿದೆ ಅಣ್ಣಾ" ಅಂತ ತಿಂಗಳು ತಳ್ಳಿದ. ಅಮ್ಮ ಗದರಿದ ಮೇಲೆ ಮಾಡಿಸಿದ. ಅವನದು 110 ಬಂದಿದೆ. ಎಲ್‌ಡಿಎಲ್ ಪರವಾಗಿಲ್ಲ, ಆದರೆ ಸಿಗರೇಟು ಇದೆ. ಹೊಸ ಹೆಲ್ತ್ ಪಾಲಿಸಿ ಮಾಡಿಸಿ ಆಮೇಲೆ ಸ್ಕ್ಯಾನ್ ಮಾಡಿಸಲಾ ಅಂತ ಕೇಳುತ್ತಿದ್ದಾನೆ. ಮಾಡಿಸು, ಆದರೆ ಅರ್ಜಿಯಲ್ಲಿ ಈ ರಿಪೋರ್ಟ್ ಮುಚ್ಚಿಡಬೇಡ ಅಂದಿದ್ದೇನೆ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸುತ್ತಾರೆ, ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ಡಾಕ್ಟರನ್ನು ಬರುವ ಸೋಮವಾರ ನೋಡುತ್ತಾನೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.